ಕಾರಖಾನೆಗೆ ಕಾಯ್ದೆ ಉಂಟು, ಕಾರ್ಮಿಕನ ಖೋಲಿಗೆ ಯಾಕಿಲ್ಲ?

ಸಂಜೆ ಐದೂವರೆಯ ಸುಮಾರಿಗೆ ಖಾನಾಪುರ ರಸ್ತೆಯ ಮಚ್ಛೆ ಬಸ್ ಸ್ಟಾಪಿನಲ್ಲಿ ಹತ್ತು ಮಿನಿಟು ನಿಂತು ನೋಡಿರಿ. ಮೊದಲು ಮೋಟಾರ್ ಸೈಕಲ್ಲುಗಳ ಸಾಲು ಹೊರಡುತ್ತದೆ. ಅದರ ಬೆನ್ನಿಗೆ ಸೈಕಲ್ಲಿನವರು. ಕಡೆಗೆ ನಡೆದು ಬರುವವರು: ಕೈಯಲ್ಲಿ ಡಬ್ಬಿ, ಅಂಗಿಯ ತೋಳಿಗೆ ಎಣ್ಣೆಯ ಕಲೆ, ರೆಪ್ಪೆಯ ಮೇಲೆ ಫೌಂಡ್ರಿಯ ಕರಿ ಧೂಳು. ಮೊದಲಿನವರಿಗೆ ಊರು ಉಂಟು, ಮನೆ ಉಂಟು. ದೇಸೂರಿನ ಕಡೆಗೋ ಪೀರನವಾಡಿಯ ಕಡೆಗೋ ತಿರುಗಿ ಹೋಗುತ್ತಾರೆ. ನಡೆದು ಬರುವವರು ರಸ್ತೆ ದಾಟಿ ಗಲ್ಲಿ ಹಿಡಿಯುತ್ತಾರೆ. ಅವರ ಬೆನ್ನು ಹತ್ತಿ ನೀವೂ ಒಮ್ಮೆ ಹೋಗಬೇಕು. ನಾವು ಹೋಗಿದ್ದೆವು.

ಒಂದು ಸಾಲಿಗೆ ಎಂಟು ಖೋಲಿ. ಹತ್ತು ಫೂಟು ಉದ್ದ, ಹತ್ತು ಫೂಟು ಅಗಲ, ಮೇಲೆ ತಗಡು. ಎಂಟು ಖೋಲಿಗೆ ಒಂದು ನಳ, ಎರಡು ಪಾಯಿಖಾನೆ, ಒಂದು ಮೀಟರು. ಬಾಡಿಗೆ ತಿಂಗಳಿಗೆ ಮೂರು ಸಾವಿರ, ಕರೆಂಟಿನದು ಬೇರೆ. ಒಂದು ಖೋಲಿಯಲ್ಲಿ ಬಿಹಾರದ ನಾಲ್ಕು ಹುಡುಗರು ಪಾಳಿಯ ಮೇಲೆ ಮಲಗುತ್ತಾರೆ. ಹಗಲು ಪಾಳಿಯವ ಎದ್ದು ಹೋದ ಹಾಸಿಗೆಯ ಮೇಲೆ ರಾತ್ರಿ ಪಾಳಿಯವ ಬಂದು ಬೀಳುತ್ತಾನೆ. ಪಕ್ಕದಲ್ಲಿ ಖಾನಾಪುರ ಕಾಡಿನ ಕಡೆಯ ಗಂಡ-ಹೆಂಡತಿ. ಅದರ ಆಚೆ ಸವದತ್ತಿ ಕಡೆಯಿಂದ ಬಂದ ಒಬ್ಬ ಹೆಣ್ಣುಮಗಳು. ಗಂಡ ತೀರಿಕೊಂಡು ಎರಡು ವರ್ಷ. ಇವಳು ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಾಳೆ, ಮೂರು ವರ್ಷದ ಕೂಸು ಖೋಲಿಯಲ್ಲಿ ಇರುತ್ತದೆ.

ಖೋಲಿಯಲ್ಲಿ ಯಾರ ಜೋಡಿ ಎಂದು ಕೇಳಿದೆವು. ಯಾರ ಜೋಡಿಯೂ ಅಲ್ಲ. ಬಾಗಿಲಿಗೆ ಹೊರಗಿನಿಂದ ಕೀಲಿ. ಮಧ್ಯಾಹ್ನ ಊಟದ ಸುಟ್ಟಿಯಲ್ಲಿ ಓಡಿ ಬಂದು ಉಣಿಸಿ, ಮತ್ತೆ ಕೀಲಿ ಹಾಕಿಕೊಂಡು ಓಡುತ್ತಾಳೆ. ನಮ್ಮ ಮುಖ ನೋಡಿ ಆಕೆಗೆ ನಮ್ಮ ಮನಸ್ಸಿನ ಮಾತು ತಿಳಿದಿರಬೇಕು. "ಅಣ್ಣಾರ, ಕೀಲಿ ಹಾಕೂದು ಛಲೋ ಅಲ್ಲಂತ ನನಗೂ ಗೊತ್ತೈತ್ರಿ. ತೆರದಿಟ್ಟ ಹೋದ್ರ ಕೂಸು ರಸ್ತಾಕ್ಕ ಬರ್ತೈತಿ. ಗೋವಾ ಲಾರಿ ನಿಲ್ಲತಾವೇನ್ರಿ?" ಅಂದಳು. ನಾವು ಏನು ಉತ್ತರ ಕೊಡಬೇಕಿತ್ತು? ನೀವೇ ಹೇಳಿರಿ.

ವಾಚಕರಲ್ಲಿ ಕೆಲವರು ಕೇಳಬಹುದು: ಸರಕಾರದ ಮನೆ ಯೋಜನೆಗಳು ಇಷ್ಟೊಂದು ಇವೆಯಲ್ಲ, ಇವರು ಯಾಕೆ ಅರ್ಜಿ ಹಾಕಬಾರದು? ಪ್ರಶ್ನೆ ಸರಿಯಾದದ್ದೇ. ಯೋಜನೆಗಳಿಗೆ ನಮ್ಮಲ್ಲಿ ಬರಗಾಲವಿಲ್ಲ. ಎಪ್ಪತ್ತರ ದಶಕದಲ್ಲಿ ಜನತಾ ಮನೆ ಬಂತು. 1991-92ರಲ್ಲಿ ಆಶ್ರಯ ಬಂತು. 2000ದಲ್ಲಿ ಇದಕ್ಕೆಂದೇ ರಾಜೀವ ಗಾಂಧಿ ಗ್ರಾಮೀಣ ವಸತಿ ನಿಗಮ ಹುಟ್ಟಿತು. ಮುಂದೆ ಬಸವ ವಸತಿ, ಅಂಬೇಡ್ಕರ್ ನಿವಾಸ, ದೇವರಾಜ ಅರಸು ವಸತಿ, ವಾಜಪೇಯಿ ನಗರ ವಸತಿ, ಮೇಲೆ ಕೇಂದ್ರದ ಪ್ರಧಾನ ಮಂತ್ರಿ ಆವಾಸ್. ಸರಕಾರ ಬದಲಾದಂತೆ ಹೆಸರೂ ಬದಲಾಗುತ್ತವೆ, ಫಲಕದ ಮೇಲಿನ ಫೋಟೋ ಸಹ. ಆದರೆ ಬಹುತೇಕ ಯೋಜನೆಗಳ ಅರ್ಜಿಯಲ್ಲಿ ಒಂದು ಕಲಮು ಮಾತ್ರ ಬದಲಾಗುವುದಿಲ್ಲ. ಅದು ಜಾಗದ ಕಲಮು. ನಿಮ್ಮ ಹೆಸರಿಗೆ ನಿವೇಶನ ಉಂಟೆ? ಉತಾರ ಉಂಟೆ? ಇದ್ದರೆ ಪಾಯಾ ತೋಡಿ, ನಿಂತು ಫೋಟೋ ಹೊಡೆಸಿಕೊಳ್ಳಿ, ಕಂತು ಬರುತ್ತದೆ. ಗೋಡೆ ಏರಿಸಿ, ಮತ್ತೊಂದು ಫೋಟೋ, ಮತ್ತೊಂದು ಕಂತು. ಜಾಗವೇ ಇಲ್ಲದವ ಎಲ್ಲಿ ನಿಂತು ಫೋಟೋ ಹೊಡೆಸಬೇಕು?

ಕಂತುಗಳನ್ನೆಲ್ಲ ಕೂಡಿಸಿದರಾದರೂ ಎಷ್ಟು ಬಂತು? ಹಳ್ಳಿಯಲ್ಲಿ ಸಾಮಾನ್ಯ ವರ್ಗಕ್ಕೆ 1 ಲಕ್ಷ 20 ಸಾವಿರ. ಅಂಬೇಡ್ಕರ್ ನಿವಾಸದಲ್ಲಿ ಹಳ್ಳಿಗೆ 1 ಲಕ್ಷ 75 ಸಾವಿರ, ಪಟ್ಟಣಕ್ಕೆ 2 ಲಕ್ಷ. ಕೇಂದ್ರದ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಬಯಲುಸೀಮೆಗೆ 2016ರಲ್ಲಿ ಗೊತ್ತು ಮಾಡಿದ 1 ಲಕ್ಷ 20 ಸಾವಿರ ಮುಂದಿನ ಹಂತಕ್ಕೂ ಹಾಗೆಯೇ ಮುಂದುವರಿಯಿತು. ಸಿಮೆಂಟು, ಉಸುಕು, ಗೌಂಡಿಯ ಕೂಲಿ 2016ರ ದರದಲ್ಲಿ ಎಲ್ಲಿ ಸಿಗುತ್ತವೆಂದು ಬಲ್ಲವರು ನಮಗೂ ತಿಳಿಸಬೇಕು. ಮನೆ ಕಟ್ಟಿ ನೋಡು ಎಂದು ಹಿರಿಯರು ಹೇಳಿದರು. ಅರ್ಧ ಕಟ್ಟಿ ನೋಡು ಎಂದು ಸರಕಾರ ಹೇಳುತ್ತದೆ.

ಮಚ್ಛೆಯ ಮಂದಿಗೆ ಇದರ ಮೇಲೆ ಇನ್ನೊಂದು ತೊಡಕು. ಗ್ರಾಮ ಪಂಚಾಯತಿ ಇದ್ದ ಊರು ಪಟ್ಟಣ ಪಂಚಾಯತಿ ಆಯಿತು. ಊರು ಬೆಳೆಯಿತೆಂದು ಸಂತೋಷಪಡೋಣ. ಆದರೆ ಕಚೇರಿಯ ಬೋರ್ಡು ಬದಲಾದರೆ ಬಡವನ ಕಾಗದಗಳೆಲ್ಲ ಬದಲಾಗುತ್ತವೆ. ಹಳ್ಳಿಯಲ್ಲಿ ಫಲಾನುಭವಿಯನ್ನು ಗ್ರಾಮಸಭೆ ಆರಿಸುತ್ತದೆ. ಚಾವಡಿಯ ಮುಂದೆ ನಿಂತು "ನನ್ನ ಹೆಸರು ಯಾಕ ಬಿಟ್ರಿ?" ಎಂದು ಬಾಯಿ ಮಾಡಲಿಕ್ಕೆ ಬರುತ್ತದೆ. ಪಟ್ಟಣದಲ್ಲಿ ಆರಿಸುವುದು ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿ. ಅಲ್ಲಿ ಬಾಯಿ ಮಾಡುವುದು ಎಲ್ಲಿ, ಯಾರ ಮುಂದೆ? 2023ರಲ್ಲಿ ಸಾರಿದ 'ಕೂಸಿನ ಮನೆ' ಯೋಜನೆ ಗ್ರಾಮ ಪಂಚಾಯತಿಗಳದು. ಕೂಲಿಗೆ ಹೋಗುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳಲು ರಾಜ್ಯದಲ್ಲಿ 4,000 ಕೇಂದ್ರ ತೆಗೆಯುವೆವು ಎಂದರು. ಒಳ್ಳೆಯ ಯೋಜನೆ, ಇಲ್ಲವೆನ್ನುವುದಿಲ್ಲ. ಆದರೆ ಕೀಲಿ ಹಾಕಿದ ಖೋಲಿಯೊಳಗಿನ ಆ ಕೂಸಿಗೆ ತನ್ನ ಊರು ಹಳ್ಳಿಯೋ ಪಟ್ಟಣವೋ ಏನು ಗೊತ್ತು?

ಇಷ್ಟು ಹೇಳಿದ ಮೇಲೆ ಒಂದು ಹಳೆಯ ಕಥೆ ಹೇಳಲೇಬೇಕು. ನಮ್ಮ ಶಾಸಕರಲ್ಲಿ ಇದನ್ನು ಓದಿದವರು ಎಷ್ಟು ಜನವೋ.

ಹಳೆಯ ಮೈಸೂರು ಸಂಸ್ಥಾನದಲ್ಲಿ 1949ರಷ್ಟು ಹಿಂದೆಯೇ ಕಾರ್ಮಿಕ ವಸತಿ ಕಾಯ್ದೆ ಎಂಬುದು ಇತ್ತು. ಹೆಸರಿನಲ್ಲೇ 'ಕಾರ್ಮಿಕ' ಎಂಬ ಶಬ್ದ. ಆಗ ಬೆಳಗಾವಿ ಮುಂಬಯಿ ಪ್ರಾಂತ್ಯದಲ್ಲಿತ್ತು. ನಮಗೆ 1948ರ ಮುಂಬಯಿ ಗೃಹನಿರ್ಮಾಣ ಮಂಡಳಿ ಕಾಯ್ದೆ ಅನ್ವಯಿಸುತ್ತಿತ್ತು. 1952ರಲ್ಲಿ ಕೇಂದ್ರ ಸರಕಾರ ಕೈಗಾರಿಕಾ ಕಾರ್ಮಿಕರಿಗೆ ಸಹಾಯಧನದ ಮನೆಗಳ ಯೋಜನೆ ತಂದಿತು. ಕಾರಖಾನೆ ಬಂದರೆ ಕಾರ್ಮಿಕ ಬರುತ್ತಾನೆ, ಕಾರ್ಮಿಕ ಬಂದರೆ ಅವನಿಗೆ ಮನೆ ಬೇಕು, ಅದು ಸರಕಾರ ಮತ್ತು ಮಾಲೀಕರ ಜವಾಬುದಾರಿ ಎಂಬ ವಿಚಾರ ಆ ಕಾಲದವರಿಗೆ ಇತ್ತು. 1956ರ ನವೆಂಬರ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಬಂದೆವು. 1962ರಲ್ಲಿ ಗೃಹಮಂಡಳಿ ಕಾಯ್ದೆ ಬಂತು, ಹಳೆಯವೆರಡೂ ಅದರ ಹೊಟ್ಟೆಗೆ ಹೋದವು. ಹೊಸ ಹೆಸರಿನಲ್ಲಿ 'ಕಾರ್ಮಿಕ' ಎಂಬ ಶಬ್ದ ಉಳಿಯಲಿಲ್ಲ.

ಶಬ್ದ ಹೋದರೇನು, ಕೆಲಸ ಉಳಿದಿದ್ದರೆ ಸಾಕಿತ್ತು. ಇಂದು ಗೃಹಮಂಡಳಿ ಎಂದರೆ ಜನರ ಕಣ್ಣಿಗೆ ಬರುವುದು ಏನು? ಬಡಾವಣೆ, ಸೈಟು, ಹಂಚಿಕೆ, ಠೇವಣಿ, ಕಂತು. ಪಗಾರದ ಸರ್ಟಿಫಿಕೇಟು ಇದ್ದವರು, ಬ್ಯಾಂಕಿನ ಸಾಲ ಸಿಗುವವರು ಅರ್ಜಿ ಹಾಕುತ್ತಾರೆ. ಅವರಿಗೂ ಮನೆ ಬೇಕು, ನಮ್ಮ ತಕರಾರಿಲ್ಲ. ಆದರೆ ಸಾಲಿನಲ್ಲಿ ಮೊದಲು ನಿಂತಿದ್ದವನು ಯಾವಾಗ ಹಿಂದೆ ಸರಿದ, ಯಾರು ಸರಿಸಿದರು ಎಂದು ಯಾರೂ ಕೇಳಲಿಲ್ಲ.

ಈ ಕಡೆ ನೋಡಿರಿ. 1966ರಲ್ಲಿ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆ ಬಂತು. ಅದರ 28ನೆಯ ಕಲಮಿನ ಪ್ರಕಾರ ನೋಟಿಸು ಕೊಟ್ಟು ರೈತರ ಹೊಲ ತೆಗೆದುಕೊಳ್ಳಬಹುದು, ಪ್ಲಾಟು ಹಾಕಬಹುದು, ರಸ್ತೆ, ನೀರು, ವಿದ್ಯುತ್ತು ಕೊಡಬಹುದು. ಲೇಥು ಇಡುವ ಶೆಡ್ಡಿಗೆ ಎಷ್ಟು ಜಾಗ, ಟ್ರಾನ್ಸ್‌ಫಾರ್ಮರಿಗೆ ಎಷ್ಟು, ಲಾರಿ ತಿರುಗಲು ರಸ್ತೆ ಎಷ್ಟು ಅಗಲ, ಎಲ್ಲಕ್ಕೂ ಲೆಕ್ಕ ಉಂಟು. ಮಷಿನಿಗೆ ಮಳೆ ತಾಗದಂತೆ ಕಾಯ್ದೆ ಕಾಳಜಿ ವಹಿಸುತ್ತದೆ. ಮಷಿನ್ ನಡೆಸುವವನು ರಾತ್ರಿ ಎಲ್ಲಿ ಮಲಗಬೇಕೆಂಬುದು ಅವನ ಹಣೆಬರಹ.

"ಕೊಳಚೆ ಪ್ರದೇಶಗಳ ಕಾಯ್ದೆ ಇಲ್ಲವೆ?" ಎಂದು ವಕೀಲ ಮಿತ್ರರೊಬ್ಬರು ಕೇಳಿದರು. ಇದೆ, 1973ರದು. ಆ ಪ್ರದೇಶವನ್ನು ಸರಕಾರ ಕೊಳಚೆ ಪ್ರದೇಶವೆಂದು ಘೋಷಿಸಬೇಕು, ಆಮೇಲೆ ಉಳಿದದ್ದು. ನಮ್ಮ ಚಾಳುಗಳು ಖಾಸಗಿ ಜಾಗದಲ್ಲಿ, ಮಾಲೀಕರ ಹಿತ್ತಿಲಿನಲ್ಲಿ, ಇಲ್ಲಿ ಎಂಟು ಅಲ್ಲಿ ಆರು ಎಂದು ಚೆದರಿ ನಿಂತಿವೆ. ಹೊರಗಿನಿಂದ ನೋಡಿದರೆ ಊರಿನ ಮನೆಗಳೇ. ಇನ್ನು 1999ರ ಬಾಡಿಗೆ ಕಾಯ್ದೆ. ಅದರ ಪಟ್ಟಿಯಲ್ಲಿಯ ದೊಡ್ಡ ಊರುಗಳಲ್ಲಿ ಬಾಡಿಗೆ ತಿಂಗಳಿಗೆ 3,500, ಉಳಿದ ಊರುಗಳಲ್ಲಿ 2,000 ರೂಪಾಯಿ ದಾಟಿದರೆ ಅದು ಅನ್ವಯಿಸುವುದೇ ಇಲ್ಲ. ಆ ಅಂಕಿ ಬರೆದ ಕಾಲಕ್ಕೆ ಅದು ಶ್ರೀಮಂತರ ಬಾಡಿಗೆ ಇದ್ದೀತು. ಈಗ ತಗಡಿನ ಖೋಲಿಯೂ ಅದನ್ನು ದಾಟುತ್ತದೆ.

ಹಾಗಾದರೆ ಬೇಕಾದದ್ದು ಮತ್ತೊಂದು ಯೋಜನೆಯೋ, ಕಾಯ್ದೆಯೋ? ನಮ್ಮ ಮಾತು ಇಲ್ಲಿದೆ. ಯೋಜನೆ ಸಾಕು, ಕಾಯ್ದೆ ಬೇಕು. ಯೋಜನೆಯೆಂದರೆ ಆಳುವವರ ಆದೇಶ. ಈ ವರ್ಷ ಉಂಟು, ಬರುವ ವರ್ಷ ಅವರ ಮರ್ಜಿ. 2019ರ ಆಗಸ್ಟಿನ ಪ್ರವಾಹವನ್ನು ನಮ್ಮ ಜಿಲ್ಲೆ ಮರೆತಿಲ್ಲ. ಪೂರ್ತಿ ಬಿದ್ದ ಮನೆಗೆ ಆಗ 5 ಲಕ್ಷ ಎಂದರು, ಸ್ವಲ್ಪ ಬಿದ್ದದ್ದಕ್ಕೆ 50 ಸಾವಿರ. ಮುಂದಿನ ವರ್ಷಗಳಲ್ಲಿ ಆ ಲೆಕ್ಕ ಬದಲಾಯಿತು. ಮಳೆ ಅದೇ, ಮಣ್ಣಿನ ಗೋಡೆ ಅದೇ, ಬಿದ್ದ ವರ್ಷ ಬೇರೆಯಾದ ಕಾರಣಕ್ಕೆ ಪರಿಹಾರ ಬೇರೆ! ನಮ್ಮ ಪಕ್ಕದ ಖಾನಾಪುರದಲ್ಲಿ, ಭೀಮಗಡ ಅಭಯಾರಣ್ಯದೊಳಗಿನ ತಳೇವಾಡಿಯ 27 ಕುಟುಂಬಗಳು ಕಾಡು ಬಿಟ್ಟು ಹೊರಗೆ ಬರಲು ಒಪ್ಪಿದವು. ಕುಟುಂಬಕ್ಕೆ 15 ಲಕ್ಷ, ಅದರಲ್ಲಿ 10 ಲಕ್ಷದ ಮೊದಲ ಕಂತನ್ನು 2025ರ ಮೇ ತಿಂಗಳಲ್ಲಿ ಕೊಟ್ಟರು. ಅವರಿಗೆ ಸಿಕ್ಕದ್ದು ಹೆಚ್ಚಲ್ಲ. ತಲೆಮಾರುಗಳ ಊರು ಬಿಡುವವರಿಗೆ ಎಷ್ಟು ಕೊಟ್ಟರೂ ಕಡಿಮೆಯೇ. ಆದರೆ ಸರಕಾರಕ್ಕೆ ಜಾಗ ಬೇಕಾದಾಗ ಒಂದು ಕುಟುಂಬಕ್ಕೆ 15 ಲಕ್ಷ, ಕುಟುಂಬಕ್ಕೆ ಸೂರು ಬೇಕಾದಾಗ 1 ಲಕ್ಷ 20 ಸಾವಿರ. ಈ ಎರಡೂ ಅಂಕಿ ಒಂದೇ ಜಿಲ್ಲೆಯವು.

ಕಾಯ್ದೆ ಆದರೆ ಏನು ಬದಲಾಗುತ್ತದೆ? ಕೇಳಲಿಕ್ಕೆ ಬರುತ್ತದೆ. 2013ರಲ್ಲಿ ರಾಜ್ಯವು ಪರಿಶಿಷ್ಟ ಜಾತಿ ಉಪಯೋಜನೆ, ಗಿರಿಜನ ಉಪಯೋಜನೆಗಳ ಕಾಯ್ದೆ ಮಾಡಿತು. ಜನಸಂಖ್ಯೆಯ ಪ್ರಮಾಣಕ್ಕೆ, ಅಂದರೆ ಶೇ. 24ರಷ್ಟು ಹಣ ಅವರಿಗಾಗಿ ತೆಗೆದಿಡಬೇಕು, ಖರ್ಚು ಮಾಡಬೇಕು ಎಂದು ಬರೆದರು. ಅದರಲ್ಲೂ 7 'ಡಿ' ಎಂಬ ಕಿಂಡಿ ಇಟ್ಟಿದ್ದರು. ರಸ್ತೆ, ಸೇತುವೆಯಂಥ ಎಲ್ಲರ ಕೆಲಸಕ್ಕೆ ಹಾಕಿದ ರೊಕ್ಕವನ್ನು ದಲಿತರ ಲೆಕ್ಕದಲ್ಲಿ ತೋರಿಸಲು ಅದು ದಾರಿಯಾಯಿತು. ವರ್ಷಾನುಗಟ್ಟಲೆ ಸಂಘಟನೆಗಳು ಕೂಗಿದ ಮೇಲೆ 2023ರಲ್ಲಿ ಆ ಕಲಮು ತೆಗೆದರು. ಮುಂದೆ ಅದೇ ಹಣ ಗ್ಯಾರಂಟಿಗಳಿಗೆ ಹೋಯಿತೆಂದು ಗದ್ದಲವೂ ಆಯಿತು. ಗದ್ದಲ ಆಗಲಿ, ಒಳ್ಳೆಯದೇ. ಕಾಯ್ದೆಯ ಪುಸ್ತಕ ಕೈಯಲ್ಲಿ ಇದ್ದುದರಿಂದ ಗದ್ದಲ ಮಾಡಲಿಕ್ಕೆ ಬಂತು. ಮಚ್ಛೆಯ ಬಾಡಿಗೆ ಖೋಲಿಯವನ ಕೈಯಲ್ಲಿ ಯಾವ ಪುಸ್ತಕ ಇದೆ?

ಬರೀ ಗೋಡೆ-ಮಾಡು ಕೊಟ್ಟರೆ ಮುಗಿಯುವ ವಿಷಯವೂ ಇದಲ್ಲ. 2009ರ ನೆರೆಯ ನಂತರ ಉತ್ತರ ಕರ್ನಾಟಕದಲ್ಲಿ 'ಆಸರೆ' ಮನೆಗಳು ಎದ್ದವು. ದಾನಿಗಳು ದುಡ್ಡು ಕೊಟ್ಟರು, ಸಾಲು ಸಾಲು ಮನೆ ಕಟ್ಟಿದರು. ಎಷ್ಟೋ ಕಡೆ ಜನ ಹೋಗಲಿಲ್ಲ. ಹೊಲ ದೂರ, ನೀರಿಲ್ಲ, ದನ ಕಟ್ಟಲು ಜಾಗವಿಲ್ಲ. ಮನೆಗಳ ಸುತ್ತ ಜಾಲಿ ಬೆಳೆಯಿತು, ಬಾಗಿಲು-ಕಿಟಕಿ ಹೋದವು. ಮನೆಯ ಜೋಡಿ ಬೇಕಾದದ್ದನ್ನು ಕೊಡದೆ ಮನೆ ಮಾತ್ರ ಕೊಟ್ಟರೆ ಹೀಗಾಗುತ್ತದೆ.

ಮಚ್ಛೆಯಲ್ಲಿ ಜೋಡಿ ಬೇಕಾದದ್ದು ಯಾವುದು? ಮೊದಲನೆಯದು ಕೂಸುಗಳನ್ನು ನೋಡಿಕೊಳ್ಳುವ ಜಾಗ. 1948ರ ಕಾರಖಾನೆ ಕಾಯ್ದೆಯಲ್ಲಿ 30ಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಶಿಶುಗೃಹ ಇರಬೇಕೆಂದು ಬರೆದಿತ್ತು. 2025ರ ನವೆಂಬರ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ 50 ನೌಕರರ ಲೆಕ್ಕ ಇಟ್ಟಿದ್ದಾರೆ. ಕಾಗದದ ಮೇಲೆ ಎರಡೂ ಚೆನ್ನ. ನಮ್ಮ ಮಚ್ಛೆಯ ಶೆಡ್ಡುಗಳಲ್ಲಿ ಒಂದರಲ್ಲಿ ಎಂಟು ಜನ, ಒಂದರಲ್ಲಿ ಹದಿನೈದು, ಇನ್ನೊಂದರಲ್ಲಿ ಇಪ್ಪತ್ತು. ಒಬ್ಬೊಬ್ಬ ಮಾಲೀಕನೂ ಗೆರೆಯ ಈಚೆ ನಿಲ್ಲುತ್ತಾನೆ. ಎಲ್ಲ ಶೆಡ್ಡುಗಳ ಹೆಂಗಸರನ್ನು ಕೂಡಿಸಿದರೆ ಒಂದು ಶಾಲೆಯಷ್ಟು ಮಕ್ಕಳಾಗುತ್ತಾರೆ. ಕೂಡಿಸುವವರು ಯಾರು? ಹೊಸ ಸಂಹಿತೆಯಲ್ಲಿ ಸಾಮೂಹಿಕ ಶಿಶುಗೃಹಕ್ಕೆ ಅವಕಾಶ ಇದೆ. ಅವಕಾಶ ಇದೆ ಎಂದರೆ ಯಾರ ಮೇಲೂ ಕಡ್ಡಾಯವಿಲ್ಲ ಎಂದು ಅರ್ಥ.

ಕರೆಂಟಿನ ಮಾತು ಕೇಳಿರಿ. 2023ರಲ್ಲಿ ಗೃಹಜ್ಯೋತಿ ಬಂತು, 200 ಯುನಿಟ್ಟಿನ ತನಕ ಪುಕ್ಕಟೆ, ಬಾಡಿಗೆದಾರನಿಗೂ ಉಂಟು. ಆದರೆ ಎಂಟು ಖೋಲಿಗೆ ಒಂದೇ ಮೀಟರು ಇದ್ದಲ್ಲಿ 200 ಯುನಿಟ್ಟು ತಿಂಗಳ ಮಧ್ಯದಲ್ಲೇ ದಾಟುತ್ತದೆ. ದಾಟಿದರೆ ಪೂರ್ತಿ ಬಿಲ್ಲು. ಅದನ್ನು ಮಾಲೀಕ ಎಂಟು ಪಾಲು ಮಾಡುತ್ತಾನೆ. ಬಂಗಲೆಯಲ್ಲಿ ಗಂಡ-ಹೆಂಡತಿ ಇಬ್ಬರೇ ಇದ್ದವರಿಗೆ ಬಿಲ್ಲು ಸೊನ್ನೆ, ತಗಡಿನ ಖೋಲಿಯಲ್ಲಿ ಒಂದು ಬಲ್ಬು, ಒಂದು ಫ್ಯಾನಿನವನು ರೊಕ್ಕ ಎಣಿಸುತ್ತಾನೆ. ಗ್ಯಾರಂಟಿ ಬರೆದವರು ಚಾಳು ಕಂಡಿರಲಿಕ್ಕಿಲ್ಲ.

ಬೇರೆ ಕಡೆ ಏನೂ ಆಗಿಲ್ಲವೆ? ಆಗಿದೆ. ತಮಿಳುನಾಡಿನವರು ಶ್ರೀಪೆರಂಬದೂರಿನ ಹತ್ತಿರ ವಲ್ಲಂ ವಡಗಾಲ್ ಕೈಗಾರಿಕಾ ಪ್ರದೇಶದಲ್ಲಿ ಮಹಿಳಾ ಕಾರ್ಮಿಕರಿಗೆ ದೊಡ್ಡ ವಸತಿ ಸಮುಚ್ಚಯ ಕಟ್ಟಿ 2024ರ ಆಗಸ್ಟಿನಲ್ಲಿ ತೆರೆದರು. 18,720 ಹಾಸಿಗೆ, 700 ಕೋಟಿ ಮೀರಿದ ಖರ್ಚು. ಕಟ್ಟಿದ್ದು ಅವರ ಕೈಗಾರಿಕಾ ನಿಗಮ, ಅಂದರೆ ಕಾರಖಾನೆಗೆ ಪ್ಲಾಟು ಕೊಡುವವರೇ ಕಾರ್ಮಿಕನಿಗೆ ಹಾಸಿಗೆ ಕೊಟ್ಟರು. ಕೇರಳದವರು 2019ರಲ್ಲಿ ಪಾಲಕ್ಕಾಡ ಜಿಲ್ಲೆಯ ಕಂಜಿಕೋಡಿನಲ್ಲಿ ಹೊರರಾಜ್ಯದ ಕಾರ್ಮಿಕರಿಗೆ 620 ಹಾಸಿಗೆಯ 'ಅಪ್ನಾ ಘರ್' ತೆರೆದರು. ಹೆಸರನ್ನೂ ಬಂದವರ ಭಾಷೆಯಲ್ಲಿ ಇಟ್ಟರು. ನಮ್ಮಲ್ಲಿ ಹಾಗೆ ಇಟ್ಟರೆ ಮರುದಿನ ಬೋರ್ಡಿಗೆ ಮಸಿ ಬೀಳುತ್ತದೆ, ಆ ಮಾತು ಬೇರೆ. ಕೇಂದ್ರವೂ 2020ರಲ್ಲಿ ವಲಸೆ ಕಾರ್ಮಿಕರ ಬಾಡಿಗೆ ಮನೆಗಳ ಯೋಜನೆ ಸಾರಿತು. 2024ರ ಜುಲೈ ಬಜೆಟ್ಟಿನಲ್ಲಿ ಕೈಗಾರಿಕಾ ಕಾರ್ಮಿಕರಿಗೆ ವಸತಿಗೃಹ ಮಾದರಿಯ ಬಾಡಿಗೆ ಮನೆ ಎಂದಿತು. ನಗರ ಆವಾಸ್ ಯೋಜನೆಯ ಎರಡನೆಯ ಹಂತದಲ್ಲಿ ಬಾಡಿಗೆ ಮನೆಗೆಂದೇ ಒಂದು ಭಾಗ ಇಟ್ಟಿತು. ಬಾಗಿಲು ತೆರೆದಿದೆ. ಒಳಗೆ ಹೋಗಿ ಕೇಳಬೇಕಾದ ರಾಜ್ಯಕ್ಕೆ ತನ್ನದೇ ಕಾಯ್ದೆ, ತನ್ನದೇ ನಿಧಿ ಇಲ್ಲ.

ನಿಧಿ ಎಂದ ಕೂಡಲೆ ಉದ್ಯಮಿಗಳ ಮುಖ ಚಿಕ್ಕದಾಗುತ್ತದೆ. ಸಣ್ಣ ಫೌಂಡ್ರಿಯ ಮಾಲೀಕರೊಬ್ಬರ ಮುಂದೆ ಈ ಮಾತು ತೆಗೆದೆವು. "ಇನ್ನೊಂದು ಸೆಸ್ ಹಾಕಿಸಬ್ಯಾಡ್ರಿ ಸಾಹೇಬ್ರ. ಕಬ್ಬಿಣದ ರೇಟು, ಕರೆಂಟು, ಬ್ಯಾಂಕಿನ ಬಡ್ಡಿ, ಇದರಾಗ ನಾವು ಸತ್ತೀವಿ. ಶಟರ್ ಎಳದು ಕೂಡ್ರಬೇಕಾದೀತು" ಅಂದರು. ಸುಳ್ಳಲ್ಲ. ಹತ್ತು-ಹದಿನೈದು ಜನರನ್ನು ಇಟ್ಟುಕೊಂಡು, ತಾವೂ ಕುಲುಮೆಯ ಮುಂದೆ ನಿಲ್ಲುವ ಮಾಲೀಕರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ. ಅವರ ಕುತ್ತಿಗೆಗೆ ಹಗ್ಗ ಹಾಕಬೇಕೆಂದು ನಾವು ಹೇಳುವುದಿಲ್ಲ. ಸಣ್ಣವರನ್ನು ಹೊರಗಿಟ್ಟು, ದೊಡ್ಡ ಕಾರಖಾನೆಗಳ ಮೇಲೆ, ಹೊಸದಾಗಿ ಪ್ಲಾಟು ಪಡೆಯುವವರ ಮೇಲೆ ಹಾಕಬಹುದು. ಬಹುಪಾಲನ್ನು ಸರಕಾರ ಪ್ರತಿ ವರ್ಷ ಕೊಡಬೇಕೆಂದು ಕಾಯ್ದೆಯಲ್ಲೇ ಬರೆಯಬಹುದು. ಆಮೇಲೆ ಅದೇ ಮಾಲೀಕರನ್ನು ಇನ್ನೊಂದು ಪ್ರಶ್ನೆ ಕೇಳಿದೆವು: ಹುಡುಗರು ನಿಲ್ಲುತ್ತಾರೆಯೇ? "ಎಲ್ಲಿ ನಿಲ್ತಾರ್ರಿ? ಕೆಲಸ ಕಲಿಸಿ ಮುಗಿಯೂದ್ರಾಗ ಗೋವಾಕ್ಕ ಹೊಂಟ ಬಿಡ್ತಾರ" ಅಂದರು. ಕಲಿತ ಕೈ ಹೋದರೆ ಆಗುವ ನಷ್ಟ ಯಾವ ಸೆಸ್ಸಿಗಿಂತ ಕಡಿಮೆ?

ಸೆಸ್ ಹಾಕುವುದು ನಮ್ಮ ಶಾಸಕರಿಗೆ ಹೊಸದೂ ಅಲ್ಲ. 2024ರ ಡಿಸೆಂಬರಿನಲ್ಲಿ, ಇದೇ ಸುವರ್ಣ ವಿಧಾನಸೌಧದ ಅಧಿವೇಶನದಲ್ಲಿ, ಮೋಟಾರು ಸಾರಿಗೆ ಕಾರ್ಮಿಕರ ಕಲ್ಯಾಣಕ್ಕೆಂದು ಹೊಸ ದ್ವಿಚಕ್ರ ವಾಹನಕ್ಕೆ 500, ಕಾರಿಗೆ 1,000 ರೂಪಾಯಿ ಹಾಕುವ ಮಸೂದೆ ಒಪ್ಪಿದರು. 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ಮಾಡಿ, ಕಂಪನಿಗಳು ಅವರಿಗೆ ಕೊಡುವ ಹಣದ ಮೇಲೆ ಶೇ. 1ರಿಂದ 5ರ ತನಕ ಕಲ್ಯಾಣ ಶುಲ್ಕ ಇಟ್ಟರು. ಊಟದ ಪೊಟ್ಟಣ ತಂದುಕೊಡುವ ಹುಡುಗನಿಗೆ ಕಾಯ್ದೆ ಬಂತು, ಬಹಳ ಒಳ್ಳೆಯದಾಯಿತು. ಎರಕ ಹೊಯ್ಯುವ ಹುಡುಗನ ಪಾಳಿ ಯಾವಾಗ?

ನಿಧಿ ಮಾಡಿ ಪೆಟ್ಟಿಗೆಯಲ್ಲಿ ಇಡುವುದೂ ಬೇಡ. ಕಟ್ಟಡ ಕಾರ್ಮಿಕರಿಗಾಗಿ 1996ರ ಕಾಯ್ದೆಯಿಂದ ಕಟ್ಟಡ ವೆಚ್ಚದ ಮೇಲೆ ಶೇ. 1 ಸೆಸ್ ಕೂಡುತ್ತ ಬಂತು. ಮನೆ ಕಟ್ಟಲು ಸಾಲ ಕೊಡಬಹುದೆಂದು ಆ ಕಾಯ್ದೆಯಲ್ಲೇ ಇತ್ತು. ದೇಶದಲ್ಲಿ ಸಾವಿರಾರು ಕೋಟಿ ಹಣ ಖರ್ಚಾಗದೆ ಬಿತ್ತು. ಅದರಲ್ಲಿ ಲ್ಯಾಪ್‌ಟಾಪು, ಬಟ್ಟೆ ಒಗೆಯುವ ಮಷಿನು ಕೊಂಡ ಲೆಕ್ಕ ಕಂಡು 2017ರಲ್ಲಿ ಸುಪ್ರೀಂ ಕೋರ್ಟೇ ಬೆರಗಾಯಿತು. ಬಟ್ಟೆ ಒಗೆಯುವ ಮಷಿನು ಇಡಲು ಮೊದಲು ಮನೆ ಬೇಕಲ್ಲ ಸ್ವಾಮಿ!

ಒಂದು ಮಾತು ಸ್ಪಷ್ಟ ಮಾಡಬೇಕು. ನಾವು ಮಚ್ಛೆಯ ಖೋಲಿ ಮಾಲೀಕರ ಮೇಲೆ ಹೊರಟಿಲ್ಲ. ಅವರಲ್ಲಿ ಬಹಳ ಜನ ಊರಿನ ಹಳೆಯ ರೈತರು. ಕಾರಖಾನೆ, ರಸ್ತೆ ಎಂದು ಹೊಲ ಕರಗಿತು. ಇದ್ದ ಹಿತ್ತಿಲಿನಲ್ಲಿ ಖೋಲಿ ಹಾಕಿದರು. "ಹೊಲ ಹೋತು, ಈಗ ಖೋಲಿನ ನಮ್ಮ ಹೊಲ" ಎಂದು ಒಬ್ಬ ಅಜ್ಜ ನಮಗೆ ಹೇಳಿದ. ಇಷ್ಟು ವರ್ಷ ಈ ಕಾರ್ಮಿಕರ ತಲೆಯ ಮೇಲೆ ತಗಡಾದರೂ ಇಟ್ಟವರು ಅವರೇ, ಸರಕಾರವಲ್ಲ. ಕಾಯ್ದೆ ಮಾಡುವವರು ಅವರನ್ನೂ ಒಳಗೆ ತರಬೇಕು. ಖೋಲಿಗೊಂದು ಮೀಟರು, ನಾಲ್ಕು ಖೋಲಿಗೆ ಒಂದು ಪಾಯಿಖಾನೆ, ತಗಡಿನ ಬದಲು ಸ್ಲ್ಯಾಬು ಹಾಕಿಸಿದರೆ ಸಹಾಯಧನ, ಅದಕ್ಕೆ ಬದಲಾಗಿ ಇಷ್ಟು ವರ್ಷ ಬಾಡಿಗೆ ಏರಿಸಬಾರದು ಎಂಬ ಕರಾರು. ಸರಕಾರ ತಾನು ಕಟ್ಟುವುದನ್ನು ಕಟ್ಟಲಿ, ಮಾರಬಾರದು, ಬಾಡಿಗೆಗೇ ಇಡಬೇಕು. ಮಾರಿದರೆ ಹತ್ತು ವರ್ಷದಲ್ಲಿ ಅದು ಯಾರ ಕೈಗೆ ಹೋಗುತ್ತದೆಂದು ಬೆಳಗಾವಿಯ ಯಾವ ಬಡಾವಣೆಯಲ್ಲಿ ಕೇಳಿದರೂ ತಿಳಿಯುತ್ತದೆ.

ಇದನ್ನೆಲ್ಲ ಬೆಂಗಳೂರಿಗೆ ಬರೆದು ಕಳಿಸುವ ಅಗತ್ಯವಿಲ್ಲ. ಕಾಯ್ದೆ ಮಾಡುವ ಮನೆ ನಮ್ಮ ಊರಿಗೇ ಬಂದಿದೆ. 2012ರ ಅಕ್ಟೋಬರ 11ರಂದು ರಾಷ್ಟ್ರಪತಿಗಳ ಕೈಯಿಂದ ಸುವರ್ಣಸೌಧದ ಉದ್ಘಾಟನೆ ಆಯಿತು, ಹಲಗಾ-ಬಸ್ತವಾಡದ ಎತ್ತರದಲ್ಲಿ. ಆ ಕಡೆಯಿಂದ ಮಚ್ಛೆಯ ತನಕ ಹಲಗಾ-ಮಚ್ಛೆ ಬೈಪಾಸು ಹಾಕಿದರು, ಒಂಬತ್ತೂವರೆ ಕಿಲೋಮೀಟರಿನಷ್ಟು. ಫಲವತ್ತಾದ ಜಮೀನು ಹೋಗುತ್ತದೆಂದು ರೈತರು ಅಡ್ಡ ಮಲಗಿದರು, ಕೋರ್ಟಿಗೆ ಹೋದರು. 2021ರ ನವೆಂಬರಿನಲ್ಲಿ ಪೊಲೀಸ್ ಬಂದೋಬಸ್ತಿನಲ್ಲಿ ಜೆಸಿಬಿ ಇಳಿಸಿದರು. ರಸ್ತೆಯ ಎರಡೂ ತುದಿ ಕೂಡಿಸಲು ಸರಕಾರಕ್ಕೆ ಎಷ್ಟು ಹಟ! ಆ ತುದಿಯ ಸದನಕ್ಕೂ ಈ ತುದಿಯ ಚಾಳಿಗೂ ನಡುವೆ ಇರುವುದು ಅಷ್ಟೇ ದಾರಿ.

ಡಿಸೆಂಬರಿನ ಅಧಿವೇಶನದ ಕಾಲಕ್ಕೆ ಇನ್ನೊಂದು ನೋಟ ನೋಡಿದ್ದೇವೆ. ಬಂದೋಬಸ್ತಿಗೆ ಬೇರೆ ಜಿಲ್ಲೆಗಳಿಂದ ಸಾವಿರಾರು ಪೊಲೀಸರು ಬರುತ್ತಾರೆ. ಮೊದಲೆಲ್ಲ ಅವರನ್ನು ಕಲ್ಯಾಣ ಮಂಟಪ, ಶಾಲೆಗಳಲ್ಲಿ ತುರುಕುತ್ತಿದ್ದರು, ಚಳಿಯಲ್ಲಿ ನಡುಗುತ್ತಿದ್ದರು ಪಾಪ. ಈಚಿನ ವರ್ಷಗಳಲ್ಲಿ ಅವರಿಗೆ ದೊಡ್ಡ ದೊಡ್ಡ ಟೆಂಟುಗಳ ಟೌನ್‌ಶಿಪ್ಪನ್ನೇ ಎಬ್ಬಿಸುತ್ತಾರೆ. ಮಂಚ, ಗಾದಿ, ಬಿಸಿನೀರು, ಊಟದ ಮೆಸ್ಸು, ಪಾಯಿಖಾನೆ, ಮೊಬೈಲು ಚಾರ್ಜು ಮಾಡುವ ವ್ಯವಸ್ಥೆ ತನಕ. ಪೊಲೀಸರೂ ಮನುಷ್ಯರೇ, ಮಾಡಬೇಕಾದದ್ದೇ. ಮಾಡುವ ಮನಸ್ಸಿದ್ದರೆ ಬಯಲಿನಲ್ಲಿ, ಕೆಲವೇ ವಾರಗಳಲ್ಲಿ, ಹತ್ತು ದಿನಗಳ ಕೆಲಸಕ್ಕಾಗಿ ಸಾವಿರಾರು ಜನರ ವಸತಿ ನಿಲ್ಲಿಸುವ ವಿದ್ಯೆ ನಮ್ಮ ಸರಕಾರಕ್ಕೆ ಗೊತ್ತಿದೆ ಎಂದಾಯಿತು. ಮುಂದಿನ ಅಧಿವೇಶನದಲ್ಲಿ ಉತ್ತರ ಕರ್ನಾಟಕದ ಚರ್ಚೆಗೆಂದು ಎದ್ದು ನಿಲ್ಲುವ ನಮ್ಮ ಜಿಲ್ಲೆಯ ಶಾಸಕರು, ಯಾವ ಪಕ್ಷದವರೇ ಇರಲಿ, ಒಂದು ಖಾಸಗಿ ಮಸೂದೆಯನ್ನಾದರೂ ತರಬಹುದು. 1949ರಲ್ಲಿ ಇದ್ದ ಆ ಹಳೆಯ ಶಬ್ದವನ್ನೇ ಹೆಸರಿಗೆ ಎರವಲು ತೆಗೆದುಕೊಳ್ಳಲಿ.

ಮೊನ್ನೆ ಮತ್ತೆ ಆ ಗಲ್ಲಿಗೆ ಹೋಗಿದ್ದೆವು. ಬಾಗಿಲಿಗೆ ಕೀಲಿ ಇತ್ತು. ಕಿಟಕಿಗೆ ಹೊಸದಾಗಿ ತಂತಿಯ ಜಾಳಿಗೆ ಹೊಡೆಸಿದ್ದಾರೆ, ಕೂಸು ಹತ್ತಿ ಬೀಳಬಾರದೆಂದು. ಆದ ಖರ್ಚು ಎಂಟು ನೂರು. ಅದನ್ನು ಬಾಡಿಗೆಯಲ್ಲಿ ಹಿಡಿಯುವುದೋ ಬಿಡುವುದೋ ಎಂದು ಅವಳೂ ಖೋಲಿಯ ಮಾಲೀಕರೂ ಇನ್ನೂ ಮಾತಾಡುತ್ತಿದ್ದಾರೆ.